ಕಂಬಿ ಎಣಿಸಬೇಡಿ, ತೂಗಿಸಿ

ನಾನು ಓದಿದ್ದು ಎಂಜಿನಿಯರಿಂಗ್, ಮಾಡ್ತಿರೋದು ಸುದ್ದಿ. ಆದ್ರೂ 162 ಅನ್ನೋ ಅಂಕಿ ಮಾತ್ರ ಮರೆತಿಲ್ಲ. ಮನೆ ಕಟ್ಟಿಸೋರು ನೀವೂ ನೆನಪಿಟ್ಟುಕೊಳ್ಳಿ. ಕಬ್ಬಿಣದ ಕಂಬಿ ಎಷ್ಟು ಎಂಎಂ ಅಂತ ಹೇಳ್ತಾರೋ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಬರೋದು ಒಂದು ಮೀಟರ್ ಕಂಬಿಯ ತೂಕ, ಕೆಜಿಯಲ್ಲಿ. ಮಂತ್ರವೇನಲ್ಲ; ಉಕ್ಕು ಘನಮೀಟರಿಗೆ 7850 ಕೆಜಿ ತೂಗುತ್ತೆ, ಅದಕ್ಕೆ ವೃತ್ತದ ವಿಸ್ತೀರ್ಣದ ಲೆಕ್ಕ ಸೇರಿಸಿದ್ರೆ ಸಿಗೋದೇ ಈ 162.

12 ಎಂಎಂ ಕಂಬಿ ಮೀಟರಿಗೆ 890 ಗ್ರಾಂ ಹತ್ತಿರ. 12 ಮೀಟರ್ ಉದ್ದದ ಹತ್ತು ಕಂಬಿ ಸುಮಾರು 107 ಕೆಜಿ. ಅಂಗಡಿಯವರು ಕಂಬಿ ಎಣಿಸಿ ಇದೇ ಲೆಕ್ಕದಲ್ಲಿ ಬಿಲ್ ಹಾಕಿದ್ರೆ, ಒಮ್ಮೆ ತೂಕಕ್ಕೂ ಹಾಕಿಸಿ. ಶೇ. 5ರಷ್ಟು ಹೆಚ್ಚುಕಮ್ಮಿಯನ್ನು ಬಿಐಎಸ್ ಒಪ್ಪುತ್ತೆ. 95 ಕೆಜಿ ಬಂತಾ? ವಾಪಸ್ ಕಳಿಸಿ. ಹೋಗೋದು 12 ಕೆಜಿ ದುಡ್ಡು ಮಾತ್ರ ಅಲ್ಲ. ಕಂಬಿಯೇ ತೆಳ್ಳಗಿದೆ, ಅದನ್ನೇ ನಂಬಿ ನಿಮ್ಮ ತಾರಸಿ ನಿಲ್ಲಬೇಕು.