ತಂಪಾಗದ ರೆಫ್ರಿಜರೇಟರ್: ದೋಷ ಯಂತ್ರದ್ದೋ, ವೋಲ್ಟೇಜಿನದ್ದೋ?

ಜೋಗದ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಕಾರ್ಯಾರಂಭ ಮಾಡಿದ್ದು 1948ರಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅದರ ನೀರನ್ನು ಬಳಸುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದ ನೀರು ವಾರಾಹಿ ಯೋಜನೆಗೆ ಹರಿಯುತ್ತದೆ. ನಾಡಿಗೆಲ್ಲ ಬೆಳಕನ್ನಿತ್ತ ಈ ಸೀಮೆಯಲ್ಲಿಯೇ ಕಾಡಂಚಿನ ಒಂಟಿಮನೆಗಳಿಗೆ ಸಂಜೆಯ ಹೊತ್ತು ಸಾಕಷ್ಟು ವೋಲ್ಟೇಜ್ ದೊರೆಯದೆಂಬುದು ಬಹುಕಾಲದ ದೂರು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ರೆಫ್ರಿಜರೇಟರ್ ತಂಪು ಮಾಡುವುದನ್ನು ನಿಲ್ಲಿಸಿತೆಂದಾಗ ವಿಚಾರಣೆ ಆರಂಭವಾಗಬೇಕಾದುದು ಇಲ್ಲಿಂದಲೇ. ವಾಸ್ತವದಲ್ಲಿ ಅದು ಹೆಚ್ಚಾಗಿ ಕಂಪ್ರೆಸರಿನಿಂದ ಆರಂಭವಾಗುತ್ತದೆ. ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಬಹುದಾದ ದುರಸ್ತಿ ಹಲವು ಸಾವಿರಕ್ಕೆ ಏರುವುದು ಹೀಗೆ.

ಸಾಮಾನ್ಯ ಕಂಪ್ರೆಸರಿನ ಮೋಟಾರು ತಿರುಗಲಾರಂಭಿಸುವ ಕ್ಷಣದಲ್ಲಿ, ಓಡುತ್ತಿರುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. 230 ವೋಲ್ಟಿಗೆಂದು ರೂಪಿಸಿದ ಯಂತ್ರಕ್ಕೆ 160 ಅಥವಾ 170 ವೋಲ್ಟ್ ದೊರೆತರೆ ಒಳಗಿನ ದೀಪವೇನೋ ಮಂಕಾಗಿ ಉರಿಯುತ್ತದೆ, ಮೋಟಾರು ಮಾತ್ರ ಏಳಲಾರದು. ಗುಂಯ್ ಎಂದು ಕ್ಷಣಕಾಲ ಸದ್ದು ಮಾಡಿ, ಓವರ್‌ಲೋಡ್ ಪ್ರೊಟೆಕ್ಟರ್ ಬಿಸಿಯಾಗಿ ‘ಟಕ್’ ಎಂದು ಸಂಪರ್ಕ ಕಡಿಯುತ್ತದೆ. ಕೆಲವು ನಿಮಿಷಗಳ ನಂತರ ಮತ್ತೆ ಅದೇ ಸದ್ದು, ಅದೇ ‘ಟಕ್’. ಈ ಸದ್ದನ್ನು ಗುರುತಿಸಬಲ್ಲ ಗೃಹಿಣಿ ಅರ್ಧ ಮೆಕ್ಯಾನಿಕ್ ಆದಂತೆಯೇ. ಇದೇ ಲಕ್ಷಣ ಸ್ಟಾರ್ಟಿಂಗ್ ರಿಲೇ ಕೆಟ್ಟಾಗಲೂ ಕಾಣುತ್ತದೆ. ಆದ್ದರಿಂದ ಮೊದಲು ಮೀಟರ್ ಹಿಡಿದು ವೋಲ್ಟೇಜ್ ಅಳೆಯಬೇಕು, ಅದು ಸರಿಯಿದ್ದರೆ ರಿಲೇ ಹಾಗೂ ಓವರ್‌ಲೋಡ್ ಬದಲಿಸಿ ನೋಡಬೇಕು. ಕಂಪ್ರೆಸರಿನ ಮೇಲೆ ಸಂಶಯಪಡುವುದು ಇವೆರಡೂ ಮುಗಿದ ಮೇಲೆ.

ಅಳೆಯುವ ಹೊತ್ತೂ ಮುಖ್ಯ. ಮೆಕ್ಯಾನಿಕ್ ಬರುವುದು ಸಾಮಾನ್ಯವಾಗಿ ಮಧ್ಯಾಹ್ನದಲ್ಲಿ. ಆಗ ಮೀಟರ್ 225 ತೋರಿಸಬಹುದು. ಬೇಸಿಗೆಯಲ್ಲಿ ಸುತ್ತಲಿನ ಅಡಿಕೆ ತೋಟಗಳ ಪಂಪುಗಳು ಒಮ್ಮೆಗೇ ಓಡುವಾಗ, ಅಥವಾ ಸಂಜೆ ಏಳರ ಸುಮಾರಿಗೆ, ಅದೇ ಪ್ಲಗ್ಗಿನಲ್ಲಿ ದೊರೆಯುವುದೆಷ್ಟು ಎಂಬುದು ಬೇರೆಯೇ ಪ್ರಶ್ನೆ. ಸ್ಟೆಬಿಲೈಸರ್ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ತನ್ನ ಕೆಳಮಿತಿಗಿಂತ ವೋಲ್ಟೇಜ್ ಇಳಿದಾಗ ಅದು ಪೂರೈಕೆಯನ್ನೇ ಕಡಿದುಬಿಡುತ್ತದೆ. ಸ್ಟೆಬಿಲೈಸರ್ ತನ್ನ ಕರ್ತವ್ಯ ಮಾಡಿದ್ದನ್ನು ಫ್ರಿಜ್ ಕೆಟ್ಟಿತೆಂದು ತಿಳಿಯುವವರು ಬಹಳ. ವಿದ್ಯುತ್ ಹೋಗಿ ತಕ್ಷಣವೇ ಬಂದಾಗಲೂ ಹೀಗೇ ಆಗುತ್ತದೆ. ಕೊಳವೆಗಳೊಳಗಿನ ಒತ್ತಡ ಸಮನಾಗಲು ಕೆಲವು ನಿಮಿಷ ಬೇಕು. ಆದ್ದರಿಂದ ಸುಮಾರು ಮೂರರಿಂದ ಐದು ನಿಮಿಷ ತಡೆಹಿಡಿಯುವ ವ್ಯವಸ್ಥೆಯಿರುವ ಸ್ಟೆಬಿಲೈಸರನ್ನೇ ಮಾರಾಟಗಾರರು ಮಲೆನಾಡಿನ ಗ್ರಾಹಕರಿಗೆ ಸೂಚಿಸುವುದು ಯುಕ್ತ. ಮಳೆಗಾಲದಲ್ಲಿ ಮರ ಬಿದ್ದು ನ್ಯೂಟ್ರಲ್ ತಂತಿ ತುಂಡಾದರೆ ತೊಂದರೆ ತದ್ವಿರುದ್ಧ. ಆಗ ಕೆಲವು ಮನೆಗಳಲ್ಲಿ ವೋಲ್ಟೇಜ್ ಅಪಾಯಕರವಾಗಿ ಏರುತ್ತದೆ.

ಕಂಪ್ರೆಸರ್ ಎಡೆಬಿಡದೆ ಓಡುತ್ತಿದ್ದರೂ ತಂಪಿಲ್ಲವೆಂದರೆ ವಿಷಯ ಬೇರೆ. ಫ್ರೀಜರಿನ ಒಂದು ಮೂಲೆಯಲ್ಲಿ ಮಾತ್ರ ಹಿಮ ಕಟ್ಟಿ ಉಳಿದ ಭಾಗ ಬೆಚ್ಚಗಿದ್ದರೆ ಗ್ಯಾಸ್ ಸೋರಿಹೋಗಿರುವ ಸಂಭವ ಹೆಚ್ಚು. ಎಲ್ಲಿಯೂ ಹಿಮವಿಲ್ಲದಿದ್ದರೆ ಗ್ಯಾಸ್ ಪೂರ್ಣ ಖಾಲಿಯಾಗಿರಬಹುದು, ಕ್ಯಾಪಿಲರಿ ಕೊಳವೆ ಕಟ್ಟಿರಬಹುದು, ಕಂಪ್ರೆಸರಿನ ಕವಾಟವೇ ಸವೆದಿರಬಹುದು. ಹಳೆಯ ಡೈರೆಕ್ಟ್ ಕೂಲ್ ಮಾದರಿಗಳಲ್ಲಿ ಸೋರಿಕೆಗೆ ಬಹು ಸಾಮಾನ್ಯ ಕಾರಣ ಅಡುಗೆಮನೆಯ ಚಾಕು. ಗಟ್ಟಿಯಾದ ಮಂಜುಗಡ್ಡೆಯನ್ನು ಚಾಕುವಿನಿಂದ ಕೆತ್ತುವಾಗ ತೆಳುವಾದ ಅಲ್ಯೂಮಿನಿಯಂ ತಟ್ಟೆಗೆ ತೂತು ಬೀಳುತ್ತದೆ, ಸುಸ್ ಎಂಬ ಒಂದು ಸದ್ದಿನೊಡನೆ ಫ್ರಿಜ್ಜಿನ ಕಥೆ ಮುಗಿಯುತ್ತದೆ.

ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕೆಂಬ ನಂಬಿಕೆ ಜನರಲ್ಲಿ ಬಲವಾಗಿ ಬೇರೂರಿದೆ. ಅದು ತಪ್ಪು. ಈ ಗ್ಯಾಸ್ ಅಡುಗೆ ಅನಿಲದಂತೆ ಉರಿದು ಮುಗಿಯುವಂಥದಲ್ಲ, ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಯಿತೆಂದರೆ ಎಲ್ಲಿಯೋ ಸೋರಿಕೆಯಿದೆ ಎಂದೇ ಅರ್ಥ. ಸೋರಿಕೆಯನ್ನು ಹುಡುಕದೆ, ಫಿಲ್ಟರ್ ಬದಲಿಸದೆ, ವ್ಯಾಕ್ಯೂಮ್ ಮಾಡದೆ ಗ್ಯಾಸ್ ತುಂಬಿ ಹಣ ಪಡೆಯುವುದು ದುರಸ್ತಿಯೆನಿಸದು. ಅಂಥ ಫ್ರಿಜ್ ಕೆಲವೇ ತಿಂಗಳಲ್ಲಿ ಮರಳಿ ಬರುತ್ತದೆ, ಗ್ರಾಹಕ ಬರುವುದಿಲ್ಲ.

ಗ್ಯಾಸಿನ ಬಗೆಯೂ ಬದಲಾಗಿದೆ. ಓಝೋನ್ ಪದರಕ್ಕೆ ಹಾನಿಕರವಾದ ಆರ್-12 ಅನ್ನು 1987ರ ಮಾಂಟ್ರಿಯಲ್ ಒಪ್ಪಂದದನ್ವಯ ಕೈಬಿಡಲಾಯಿತು. ಅನಂತರ ಆರ್-134ಎ ಬಂದಿತು. ಈಗಿನ ಮನೆಬಳಕೆಯ ಮಾದರಿಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಅಂದರೆ ಐಸೋಬ್ಯುಟೇನ್. ಇದು ಹೊತ್ತಿ ಉರಿಯುವ ಅನಿಲ. ಕೆಲವೇ ಹತ್ತಾರು ಗ್ರಾಂ ಇರುವುದಾದರೂ, ಕೊಳವೆಯಲ್ಲಿ ಅದು ಉಳಿದಿರುವಾಗ ಬೆಂಕಿಯ ಜ್ವಾಲೆಯಿಂದ ಬೆಸುಗೆ ಹಾಕುವುದು ಅವಘಡಕ್ಕೆ ಆಹ್ವಾನ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ, ಪಕ್ಕದಲ್ಲೇ ಒಲೆ ಉರಿಯುತ್ತಿರುವಾಗ ಈ ಕೆಲಸ ಸಲ್ಲದು. ಹಿಂಬದಿಯ ಫಲಕದಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಅಚ್ಚಾಗಿರುತ್ತದೆ. ಅದನ್ನು ಓದದೆ ಸಿಲಿಂಡರ್ ಜೋಡಿಸುವ ಕೈಗೆ ಫ್ರಿಜ್ ಒಪ್ಪಿಸಬಾರದು.

ಫ್ರಾಸ್ಟ್ ಫ್ರೀ ಮಾದರಿಗಳ ರೋಗಲಕ್ಷಣ ಇನ್ನೊಂದು ಬಗೆಯದು. ಮೇಲೆ ಫ್ರೀಜರ್ ಗಟ್ಟಿಯಾಗಿದ್ದು ಕೆಳಗಿನ ಹಾಲು ಒಡೆಯುತ್ತಿದ್ದರೆ, ಗಾಳಿಯ ದಾರಿ ಮಂಜಿನಿಂದ ಮುಚ್ಚಿಹೋಗಿದೆ ಅಥವಾ ಒಳಗಿನ ಫ್ಯಾನ್ ನಿಂತಿದೆ. ಸಾಮಾನು ಹೊರತೆಗೆದು, ಪ್ಲಗ್ ಕಿತ್ತು, ಬಾಗಿಲು ತೆರೆದು ಒಂದು ದಿನ ಬಿಡಬೇಕು. ಬಳಿಕ ಚೆನ್ನಾಗಿ ತಂಪಾಗಿ, ವಾರ ಹತ್ತು ದಿನದಲ್ಲಿ ಮತ್ತೆ ಅದೇ ತೊಂದರೆ ಮರುಕಳಿಸಿದರೆ ದೋಷ ಮಂಜು ಕರಗಿಸುವ ಹೀಟರ್, ಟೈಮರ್ ಅಥವಾ ಸೆನ್ಸಾರಿನದು. ಗ್ಯಾಸಿಗೂ ಅದಕ್ಕೂ ಸಂಬಂಧವಿಲ್ಲ.

ಮಲೆನಾಡಿಗೇ ವಿಶಿಷ್ಟವೆನ್ನಬಹುದಾದ ಶತ್ರುಗಳು ಕೆಲವು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅರಸಿ ಇರುವೆ, ಹಲ್ಲಿಗಳು ಕಂಪ್ರೆಸರಿನ ಬದಿಯ ರಿಲೇ ಡಬ್ಬಿಯನ್ನೋ ಸರ್ಕೀಟ್ ಬೋರ್ಡನ್ನೋ ಸೇರುತ್ತವೆ. ಇಲಿ ವಯರು ಕಡಿಯುತ್ತದೆ. ಬಾಗಿಲಿನ ರಬ್ಬರಿಗೆ ಬೂಷ್ಟು ಹಿಡಿದು ಅಂಚು ಸಡಿಲವಾಗುತ್ತದೆ. ಬಾಗಿಲ ನಡುವೆ ಕಾಗದವಿಟ್ಟು ಮುಚ್ಚಿದಾಗ ಅದು ಸಲೀಸಾಗಿ ಜಾರಿಬಂದರೆ ಹೊರಗಿನ ತೇವದ ಗಾಳಿಯೂ ಅಷ್ಟೇ ಸಲೀಸಾಗಿ ಒಳಹೋಗುತ್ತಿದೆ ಎಂದು ತಿಳಿಯಬೇಕು. ಸೌದೆ ಒಲೆಯ ಹೊಗೆ, ಅಡಿಕೆ ಸುಗ್ಗಿಯ ಧೂಳು ಹಿಂಬದಿಯ ಕಂಡೆನ್ಸರ್ ಜಾಲರಿಗೆ ಅಂಟಿ ಶಾಖ ಹೊರಹೋಗದಂತೆ ಮಾಡುತ್ತವೆ. ಮೆತ್ತನೆಯ ಬ್ರಷ್ಷಿನಿಂದ ಒರೆಸುವ ಈ ಕೆಲಸಕ್ಕೆ ಯಾವ ಮೆಕ್ಯಾನಿಕ್ಕೂ ಬೇಕಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಇನ್ವರ್ಟರ್ ಮಾದರಿಗಳ ಬೋರ್ಡ್ ಬಲಿಯಾಗುವುದುಂಟು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಎಲ್ಲ ದೂರೂ ದೋಷವಲ್ಲ. ಆಗುಂಬೆ, ಹುಲಿಕಲ್ ಕಡೆಯ ಮಳೆಯ ದಿನಗಳಲ್ಲಿ ಫ್ರಿಜ್ಜಿನ ಹೊರಮೈ ಬೆವರುವುದು ಗಾಳಿಯ ತೇವದಿಂದ. ಈಗಿನ ಮಾದರಿಗಳ ಪಕ್ಕದ ಗೋಡೆ ಬಿಸಿಯಾಗುವುದು ಕಂಡೆನ್ಸರ್ ಅಲ್ಲಿಯೇ ಅಡಗಿರುವುದರಿಂದ.

ಔಷಧ ಅಂಗಡಿಗಳಿಗೆ ಈ ವಿಷಯ ಹಾಲು ಮೊಸರಿನಷ್ಟು ಹಗುರವಲ್ಲ. ಇನ್ಸುಲಿನ್ ಮತ್ತು ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬಿಸಿಯಾದರೆ ಹೇಗೋ ಹಾಗೆಯೇ ಹೆಪ್ಪುಗಟ್ಟಿದರೂ ಇನ್ಸುಲಿನ್ ನಿರುಪಯುಕ್ತ. ನೋಡಲು ಮಾತ್ರ ವ್ಯತ್ಯಾಸ ಕಾಣದಿರಬಹುದು. ಒಳಗೊಂದು ಥರ್ಮಾಮೀಟರ್ ಇಟ್ಟು ಬೆಳಿಗ್ಗೆ ಸಂಜೆ ಬರೆದಿಡುವ ಅಂಗಡಿಕಾರನಿಗೆ ಯಂತ್ರ ಕೆಡುವ ಸೂಚನೆ ಮೊದಲೇ ದೊರೆಯುತ್ತದೆ. ಮನೆಗಳಲ್ಲಿ, ವಿದ್ಯುತ್ ಇಲ್ಲದಾಗ ಬಾಗಿಲು ತೆರೆಯದಿದ್ದರೆ ಕೆಳಗಿನ ಭಾಗ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಆಮೇಲೆ ಹಾಲು, ಮೀನು, ಬೇಯಿಸಿದ ಅಡುಗೆಯನ್ನು ನಂಬಲಾಗದು.

ದೂರವೂ ವೆಚ್ಚದ ಒಂದು ಭಾಗ. ಸಾಗರದಿಂದ ತುಮರಿ ಕಡೆಗೆ ಹೋಗುವ ಮೆಕ್ಯಾನಿಕ್ ಬಹುಕಾಲ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ತಪ್ಪಿದೆ. ಆದರೂ ಘಟ್ಟದ ರಸ್ತೆಯಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಹೋಗಿ, ಬೇಕಾದ ಬಿಡಿಭಾಗ ಚೀಲದಲ್ಲಿಲ್ಲವೆಂದು ಮರಳುವುದು ಇಬ್ಬರಿಗೂ ನಷ್ಟ. ಹೊರಡುವ ಮೊದಲು ದೂರವಾಣಿಯಲ್ಲಿಯೇ ನಾಲ್ಕು ಪ್ರಶ್ನೆ ಕೇಳಬಹುದು: ದೀಪ ಉರಿಯುತ್ತಿದೆಯೇ, ಕಂಪ್ರೆಸರಿನ ಸದ್ದು ಕೇಳಿಸುತ್ತಿದೆಯೇ, ಮಂಜು ಎಲ್ಲಿ ಕಟ್ಟಿದೆ, ಹಿಂಬದಿಯ ಫಲಕದಲ್ಲಿ ಯಾವ ಗ್ಯಾಸ್ ಎಂದಿದೆ? ಉತ್ತರ ಸಿಕ್ಕರೆ ಚೀಲಕ್ಕೆ ಏನು ತುಂಬಬೇಕೆಂಬುದು ತಿಳಿಯುತ್ತದೆ. ಕಂಪ್ರೆಸರ್ ಬದಲಿಸಲೇಬೇಕೆಂದಾದರೆ ಮೊದಲು ವಾರಂಟಿ ಕಾರ್ಡ್ ನೋಡಬೇಕು. ಬಹಳಷ್ಟು ಕಂಪನಿಗಳು ಇಡೀ ಯಂತ್ರಕ್ಕೆ ಒಂದು ವರ್ಷವಷ್ಟೇ ಭರವಸೆಯಿತ್ತರೂ ಕಂಪ್ರೆಸರಿಗೆ ಹತ್ತು ವರ್ಷದವರೆಗೂ ಕೊಡುತ್ತವೆ. ಖರೀದಿಯ ಬಿಲ್ಲನ್ನು ಒಂದು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಫ್ರಿಜ್ಜಿನ ಹಿಂಬದಿಗೇ ಅಂಟಿಸಿಕೊಡುವ ಅಂಗಡಿಗಳಲ್ಲಿ ಈ ಹುಡುಕಾಟಕ್ಕೆ ಅವಕಾಶವೇ ಇರುವುದಿಲ್ಲ.