ಹತ್ತು ಗುಂಟೆಯ ಹಿಪ್ಪುನೇರಳೆ

ಬೆಂಗಳೂರಿನಿಂದ ಹೊಸೂರು ರಸ್ತೆಯಲ್ಲಿ ಆನೇಕಲ್ಲಿಗೆ ಹೊರಟವರಿಗೆ ಎದುರಾಗುವ ದೊಡ್ಡ ಕೂಡುರಸ್ತೆಯ ಹೆಸರು ಸಿಲ್ಕ್ ಬೋರ್ಡ್. ವಾಹನಗಳ ಸಂದಣಿಯಲ್ಲಿ ಸಿಕ್ಕಿ ಬೇಸರಪಡುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಆ ಹೆಸರಿನ ಅರ್ಥವನ್ನು ಆಲೋಚಿಸಿದ್ದಾರೆ? 1948ರ ಶಾಸನದಿಂದ ಸ್ಥಾಪಿತವಾದ ಕೇಂದ್ರೀಯ ರೇಷ್ಮೆ ಮಂಡಳಿಯ ಕಚೇರಿ ಅಲ್ಲಿರುವುದರಿಂದಲೇ ಆ ಹೆಸರು ಬಂದಿತು. ಆನೇಕಲ್ ಸೀಮೆಯೂ ರೇಷ್ಮೆಗೆ ಹೊಸತಲ್ಲ. ಇಂದು ಅಲ್ಲಿನ ಎಷ್ಟೋ ಮನೆಗಳಲ್ಲಿ ಒಬ್ಬರು ಜಿಗಣಿಯ ಅಥವಾ ಅತ್ತಿಬೆಲೆಯ ಕಾರ್ಖಾನೆಗೆ ಹೋಗುತ್ತಾರೆ. ಉಳಿದಿರುವ ಜಮೀನು ಒಂದು ತುಂಡು ಮಾತ್ರ. ಹತ್ತು ಗುಂಟೆ ನೆಲ, ಅಂದರೆ ಕಾಲು ಎಕರೆ, ಸಂಬಳದ ಜೊತೆಗೆ ಒಂದಿಷ್ಟು ಉಪವರಮಾನವನ್ನು ಕೊಡಬಲ್ಲುದೆ? ಲೆಕ್ಕ ಹಾಕಿ ನೋಡೋಣ.

ಸೊಪ್ಪಿನ ಲೆಕ್ಕ

ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯು ಬೆಳೆಸಿಕೊಟ್ಟ ವಿ-1 ಎಂಬ ಹಿಪ್ಪುನೇರಳೆ ತಳಿಯು, ನೀರು ಗೊಬ್ಬರಗಳಿಗೆ ಕೊರತೆಯಿಲ್ಲದಿದ್ದರೆ, ಹೆಕ್ಟೇರಿಗೆ ವರ್ಷಕ್ಕೆ ಸುಮಾರು 60 ಟನ್ ಸೊಪ್ಪು ಕೊಡಬಲ್ಲುದು. ಈ ಪ್ರಮಾಣದಲ್ಲಿ ಹತ್ತು ಗುಂಟೆಗೆ 6 ಟನ್. ಎಲ್ಲರ ಬಾವಿಯಲ್ಲೂ ಅಷ್ಟು ನೀರಿರದು. 5 ಟನ್ ಎಂದೇ ಇಟ್ಟುಕೊಳ್ಳೋಣ. ವರ್ಷಕ್ಕೆ ಐದು ಬೆಳೆಯಾದರೆ ಬೆಳೆಯೊಂದಕ್ಕೆ 1,000 ಕಿಲೋಗ್ರಾಂ. ಇದು ನೂರು ಮೊಟ್ಟೆಗೆ ಸಾಕು. ರೈತರ ಮಾತಿನಲ್ಲಿ ಒಂದು ಮೊಟ್ಟೆಯೆಂದರೆ ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಗಳ ರಾಶಿ. ಆದುದರಿಂದ ನೂರು ಮೊಟ್ಟೆಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಹುಳುಗಳಿರುತ್ತವೆ.

ಹುಳುವಿನ ಬಾಳು ಸುಮಾರು ಇಪ್ಪತ್ತೈದು ದಿನ. ಅದು ನಾಲ್ಕು ಸಲ ಪೊರೆ ಬಿಡುತ್ತದೆ. ಇದನ್ನು ನಮ್ಮ ರೈತರು ‘ಜ್ವರ’ ಎನ್ನುತ್ತಾರೆ. ಎರಡನೆಯ ಜ್ವರ ಕಳೆದ ಚಾಕಿ ಹುಳುಗಳೇ ಈಗ ಮಾರಾಟಕ್ಕೆ ದೊರೆಯುವುದರಿಂದ ಎಳೆಯ ಹುಳುಗಳ ಸೂಕ್ಷ್ಮ ಆರೈಕೆಯ ಭಾರ ಮನೆಯವರಿಗೆ ತಪ್ಪಿದೆ. ಆದರೆ ನಾಲ್ಕನೆಯ ಜ್ವರ ಬಿಟ್ಟೆದ್ದ ಮೇಲಿನ ಒಂದು ವಾರದ ಮಾತೇ ಬೇರೆ. ಹುಳು ತನ್ನ ಇಡೀ ಬಾಳಿನಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕಿ ಈ ವಾರದಲ್ಲಿಯೇ ತಿನ್ನುತ್ತದೆ. ಆ ದಿನಗಳಲ್ಲಿ ಮದುವೆಯಿಲ್ಲ, ಜಾತ್ರೆಯಿಲ್ಲ. ಎಲೆ ಬಿಡಿಸುವ ಬದಲು ರೆಂಬೆಯನ್ನೇ ಕತ್ತರಿಸಿ ಹಾಕುವ ಪದ್ಧತಿಯಿಂದ ಮಾತ್ರ ದುಡಿಮೆ ಎಷ್ಟೋ ಹಗುರವಾಗಿದೆ.

ಪಾಸ್ತರನ ಸೂಕ್ಷ್ಮದರ್ಶಕ

ಇಷ್ಟು ದುಡಿದ ಮೇಲೂ ಬೆಳೆ ಕೈಗೆ ಬರುವುದೆಂಬ ಭರವಸೆಯೇನು? ಹತ್ತೊಂಬತ್ತನೆಯ ಶತಮಾನದ ನಡುವೆ ಗಂಟು ರೋಗವು ಫ್ರಾನ್ಸಿನ ರೇಷ್ಮೆ ಕೃಷಿಯನ್ನು ನೆಲಕ್ಕೆ ಕೆಡವಿತ್ತು. 1865ರಲ್ಲಿ ಇದರ ಪರಿಶೋಧನೆಗೆ ತೊಡಗಿದ ಲೂಯಿ ಪಾಸ್ತರನು, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ರೂಢಿಗೆ ತಂದನು. ರೋಗದ ಕಣಗಳು ಕಂಡರೆ ಆಕೆಯ ಮೊಟ್ಟೆಗಳನ್ನೆಲ್ಲ ನಾಶಮಾಡಬೇಕು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಈ ಪರೀಕ್ಷೆಯೇ. ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟಿತು. ಅದಕ್ಕೆ ಕಿಟಕಿ ಬಾಗಿಲುಗಳಿಗೆ ಬಲೆ ಕಟ್ಟಬೇಕು. ನೆರೆಯವರು ತರಕಾರಿಗೆ ಸಿಂಪಡಿಸಿದ ಕೀಟನಾಶಕವು ಗಾಳಿಯಲ್ಲಿ ತೇಲಿ ಸೊಪ್ಪಿನ ಮೇಲೆ ಕುಳಿತರೂ ಸಾಕು, ಹುಳು ಉಳಿಯದು. ತುಂಡು ಜಮೀನುಗಳ ಸೀಮೆಯಲ್ಲಿ ಇದು ಸಣ್ಣ ಅಪಾಯವಲ್ಲ.

ಕಾಯಲಾರದ ಸರಕು

ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುತ್ತವೆ. ನೂರು ಮೊಟ್ಟೆಗೆ 60 ಕಿಲೋಗ್ರಾಂ ಗೂಡು ಬಂದರೆ ಒಳ್ಳೆಯ ಬೆಳೆ. ಬೆಲೆ ಕಿಲೋಗೆ 400 ರೂಪಾಯಿ ಎಂದು ಊಹಿಸಿದರೆ ಬೆಳೆಯೊಂದಕ್ಕೆ 24,000. ಅದು 250ಕ್ಕೆ ಇಳಿದರೆ 15,000. ಬೆಲೆ ಏರುವವರೆಗೆ ಕಾಯಬಾರದೇ ಎಂದು ವಾಚಕರು ಕೇಳಬಹುದು. ಗೂಡಿನೊಳಗೆ ಕೋಶವು ಜೀವಂತವಾಗಿದೆ. ಕೆಲವೇ ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ. ನೂರಾರು ಮೀಟರು ಉದ್ದದ ಒಂದೇ ಎಳೆ ಆಗ ತುಂಡುತುಂಡಾಗುತ್ತದೆ. ರಾಮನಗರದ ಮಾರುಕಟ್ಟೆಯ ಹರಾಜಿನಲ್ಲಿ ಆ ದಿನ ಕೂಗಿದ ಬೆಲೆಗೆ ರೈತ ತಲೆಬಾಗುವುದು ಈ ಜೀವಶಾಸ್ತ್ರದ ಕಾರಣದಿಂದಲೇ.

ಚಾಕಿ ಹುಳು, ಗೊಬ್ಬರ, ಸುಣ್ಣ, ಬ್ಲೀಚಿಂಗ್ ಪುಡಿ, ಸಾಗಣೆ ಇವುಗಳ ಖರ್ಚನ್ನು ಕಳೆದರೂ ಕೈಯಲ್ಲಿ ಹಣ ಉಳಿಯುತ್ತದೆ. ಆದರೆ ಸೊಪ್ಪು ಕೊಯ್ಯಲು, ಹುಳು ಮೇಯಿಸಲು ಕೂಲಿಯವರನ್ನಿಟ್ಟರೆ ಆ ಹಣ ಬಹುಮಟ್ಟಿಗೆ ಅವರದಾಗುತ್ತದೆ. ಉಪವರಮಾನವೆಂದು ನಾವು ಕರೆಯುವುದು ವಾಸ್ತವವಾಗಿ ಮನೆಯವರ, ಅದರಲ್ಲಿಯೂ ಹೆಂಗಸರ, ಲೆಕ್ಕಕ್ಕೆ ಬಾರದ ಕೂಲಿ. ಮನೆಯ ಹುಳುವಿನಿಂದ ಶಾಲೆಯ ಶುಲ್ಕ ಕಟ್ಟಿಸಿಕೊಂಡ ವಿದ್ಯಾರ್ಥಿ ಮುಂದಿನ ಬೆಳೆಯಲ್ಲಿ ಒಂದು ಪುಸ್ತಕವಿಟ್ಟು, ಯಾರು ಎಷ್ಟು ಗಂಟೆ ದುಡಿದರೆಂದು ಬರೆದಿಡಲಿ. ಹತ್ತು ಗುಂಟೆಯ ನಿಜವಾದ ಲಾಭ ಎಷ್ಟು, ಅದು ಯಾರಿಗೆ ಸಲ್ಲಬೇಕಾದದ್ದು ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.