ಪಹಣಿ ಮತ್ತು ಖಾಸಗಿತನ: ದತ್ತಾಂಶ ಸಂರಕ್ಷಣಾ ಕಾನೂನಿನ ಒಂದು ವಿವೇಚನೆ

ಗುಟ್ಟು, ಏಕಾಂತ, ಗೋಪ್ಯತೆ, ಖಾಸಗಿತನ ಎಂಬ ಪದಗಳು ಕನ್ನಡದಲ್ಲಿ ಸಮಾನಾರ್ಥಕಗಳಲ್ಲ. ಗುಟ್ಟು ಬಚ್ಚಿಟ್ಟ ಸಂಗತಿ. ಏಕಾಂತ ಜನರಿಂದ ದೂರವಿರುವ ಸ್ಥಿತಿ. ಗೋಪ್ಯತೆ ಬಹುಮಟ್ಟಿಗೆ ಕಡತದ ಗುಣ. ತನ್ನ ಕುರಿತ ವಿವರವು ಯಾರಿಗೆ, ಯಾವ ಉದ್ದೇಶಕ್ಕೆ ತಲುಪಬೇಕೆಂದು ವ್ಯಕ್ತಿಯೇ ನಿರ್ಧರಿಸುವ ಅಧಿಕಾರವು ಖಾಸಗಿತನದಲ್ಲಿ ಅಡಕವಾಗಿದೆ. ಈ ಭೇದದ ಮಹತ್ವವನ್ನು ಪಹಣಿಯ ನಿದರ್ಶನದಿಂದ ಗುರುತಿಸಬಹುದು.

ಕಡೂರು ತಾಲ್ಲೂಕಿನ ಸಿಂಗಟಗೆರೆಯಂತಹ ಊರಿನಲ್ಲಿ ಯಾರ ಹೊಲ ಎಷ್ಟು, ಅದರ ಮೇಲೆ ಸಾಲವಿದೆಯೆ ಎಂಬುದು ನೆರೆಹೊರೆಗೆ ತಿಳಿಯದ ಗುಟ್ಟೇನಲ್ಲ. ಆದರೆ ಆ ತಿಳಿವಳಿಕೆಗೆ ಊರಿನ ಎಲ್ಲೆಯಿತ್ತು. ಬಲ್ಲವರು ಯಾರೆಂಬುದು ರೈತನಿಗೂ ಗೊತ್ತಿತ್ತು. 2000ದ ದಶಕದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಅಳವಡಿಸಿತು. ದಾಖಲೆಯು ಗ್ರಾಮಲೆಕ್ಕಿಗರ ಕೈಯಿಂದ ಬಿಡುಗಡೆಗೊಂಡದ್ದು ರೈತನಿಗೆ ದೊರೆತ ದೊಡ್ಡ ಅನುಕೂಲ. ಮುಂದೆ ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ಬಲ್ಲ ಯಾರೇ ಆಗಲಿ ಅಂತರಜಾಲದಲ್ಲಿ ಪಹಣಿಯನ್ನು ನೋಡುವಂತಾಯಿತು. ಒಡೆತನದೊಡನೆ ಋಣದ ವಿವರವೂ ಅದರಲ್ಲಿರುವುದರಿಂದ, ಸಾಲದಲ್ಲಿರುವ ಹಿಡುವಳಿದಾರನನ್ನು ಅಪರಿಚಿತನೊಬ್ಬನು ದೂರದಿಂದಲೇ ಗುರುತಿಸಬಲ್ಲನು. 2024ರಲ್ಲಿ ಪಹಣಿಗೆ ಆಧಾರ್ ಜೋಡಣೆಯ ಕಾರ್ಯವೂ ನಡೆಯಿತು. ವಂಚನೆಯ ನೋಂದಣಿಯನ್ನು ತಡೆಯುವುದು ಅದರ ಆಶಯ. ಆದರೆ ಬಿಡಿಬಿಡಿಯಾಗಿದ್ದ ವಿವರಗಳು ಒಂದೇ ಸೂತ್ರಕ್ಕೆ ಕೋದುಕೊಳ್ಳುವುದು ಅದರ ಪರಿಣಾಮ.

ಈ ಹಕ್ಕಿಗೆ ಸಂವಿಧಾನದ ನೆಲೆ ದೊರೆತುದರಲ್ಲಿ ಕರ್ನಾಟಕದ ಪಾತ್ರವಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಅದರ ಬೆನ್ನಿಗೆ ಬಂದ ಸಮಾಲೋಚನೆಗಳ ಫಲವಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ರೂಪುಗೊಂಡಿತು. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳೊಂದಿಗೆ ಅದರ ಹಂತಹಂತದ ಜಾರಿ ಆರಂಭವಾಯಿತು.

ಪಹಣಿಯ ಸಂದರ್ಭದಲ್ಲಿ ಈ ಅಧಿನಿಯಮದ ಮಿತಿ ಸ್ಪಷ್ಟ. ಕಾನೂನಿನ ಬಾಧ್ಯತೆಯಂತೆ ಸಾರ್ವಜನಿಕಗೊಳಿಸಿದ ದತ್ತಾಂಶಕ್ಕೆ 3ನೆಯ ಕಲಮು ವಿನಾಯಿತಿ ನೀಡುತ್ತದೆ. ಸಹಾಯಧನ, ಪ್ರಮಾಣಪತ್ರ ಮೊದಲಾದವುಗಳಿಗಾಗಿ ಸರ್ಕಾರವು ಕೆಲವು ಷರತ್ತುಗಳಿಗೆ ಒಳಪಟ್ಟು ಒಪ್ಪಿಗೆಯಿಲ್ಲದೆಯೂ ದತ್ತಾಂಶವನ್ನು ಬಳಸಲು 7ನೆಯ ಕಲಮು ಅವಕಾಶವೀಯುತ್ತದೆ. ಹೀಗಾಗಿ ರೈತನ ಅತ್ಯಂತ ವಿಸ್ತೃತ ದಾಖಲೆಯೇ ಈ ರಕ್ಷಣೆಯ ಅಂಚಿನಲ್ಲಿ ಉಳಿಯುತ್ತದೆ. ಪಹಣಿಯನ್ನು ಮುಚ್ಚಿಡುವುದು ಇದಕ್ಕೆ ಪರಿಹಾರವಲ್ಲ. ಒಡೆತನದ ಬಹಿರಂಗತೆಯೇ ಭೂವಂಚನೆಗೆ ತಡೆ. ಒಡೆತನ ಹಾಗೂ ಋಣದ ವಿವರಗಳೆರಡೂ ಒಂದೇ ಪ್ರಮಾಣದಲ್ಲಿ ತೆರೆದಿರಬೇಕೆ ಎಂಬುದೇ ವಿವೇಚನಾರ್ಹ ಪ್ರಶ್ನೆ.

ಕನ್ನಡ ಅಧ್ಯಯನಕ್ಕೆ ಇಲ್ಲಿ ನೇರ ಹೊಣೆಯೊಂದಿದೆ. ಒಪ್ಪಿಗೆಯ ಕೋರಿಕೆಯು ಸರಳ ಭಾಷೆಯಲ್ಲಿರಬೇಕು, ಅದನ್ನು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಪಡೆಯುವ ಆಯ್ಕೆ ಇರಬೇಕು ಎಂದು ಅಧಿನಿಯಮ ವಿಧಿಸುತ್ತದೆ. ‘ದತ್ತಾಂಶ ನ್ಯಾಸಧಾರಿ’ಯಂತಹ ಪದಪುಂಜವು ಕನ್ನಡ ಲಿಪಿಯಲ್ಲಿದ್ದ ಮಾತ್ರಕ್ಕೆ ರೈತನಿಗೆ ಅರ್ಥವಾಗದು. ‘ನಿಮ್ಮ ವಿವರವನ್ನು ಇಟ್ಟುಕೊಂಡವರು’ ಎಂದರೆ ಅರ್ಥವಾಗುತ್ತದೆ. ಅರ್ಥವಾಗದ ನುಡಿಗೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆ ಎನಿಸಲಾರದು.